ನೂರರವರೆಗೆ ಪಟಪಟ ಹೇಳುತ್ತಾಳೆ, ಆದರೆ 31ಕ್ಕಿಂತ 29 ದೊಡ್ಡದು ಅನ್ನುತ್ತಾಳೆ

ಪ್ರಶ್ನೆ: ಸರ್, ನಮಸ್ಕಾರ. ನಾವು ಕಾರವಾರದ ಹತ್ತಿರದ ಹಳ್ಳಿಯವರು. ಮನೆಯಲ್ಲಿ ಕೊಂಕಣಿ ಮಾತಾಡುತ್ತೇವೆ. ಮಗಳು ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿ, ಕನ್ನಡ ಮಾಧ್ಯಮ. ಒಂದರಿಂದ ನೂರರವರೆಗೆ ಎಲ್ಲೂ ತಪ್ಪದೆ ಹೇಳುತ್ತಾಳೆ, ಬರೆಯುತ್ತಾಳೆ. ಆದರೆ 29 ದೊಡ್ಡದೋ 31 ದೊಡ್ಡದೋ ಅಂದರೆ 29 ಅನ್ನುತ್ತಾಳೆ. ಯಾಕೆ ಅಂದರೆ "ಒಂಬತ್ತು ಇದೆಯಲ್ಲ" ಅಂತಾಳೆ. ಮೊನ್ನೆ 305, 53, 350, 503 ಇವನ್ನು ಏರಿಕೆ ಕ್ರಮದಲ್ಲಿ ಬರೆ ಅಂದೆ. 305, 350, 503, 53 ಅಂತ ಬರೆದಳು. ನೂರಾ ಎಂಟು ಬರೆ ಅಂದರೆ 1008 ಬರೆಯುತ್ತಾಳೆ. ದೊಡ್ಡದು ಚಿಕ್ಕದು ತೋರಿಸುವ ಆ ಮೊಸಳೆ ಬಾಯಿಯ ಚಿಹ್ನೆಯಂತೂ ದಿನಕ್ಕೊಂದು ಕಡೆ ತಿರುಗಿರುತ್ತದೆ. ನಮ್ಮ ಮನೆಯವರು ದಿನಾ ಹತ್ತು ಸಲ 1ರಿಂದ 100 ಬರೆಸು ಅನ್ನುತ್ತಾರೆ. ಅತ್ತೆಯವರು ಬೆರಳು ಎಣಿಸಲು ಬಿಡಬೇಡ ಅನ್ನುತ್ತಾರೆ. ಪಕ್ಕದ ಮನೆಯವರು ಅಬ್ಯಾಕಸ್ ಕ್ಲಾಸಿಗೆ ಹಾಕಿ ಅಂದರು. ನಾದಿನಿ ಮೊಬೈಲಿನಲ್ಲಿ ನೋಡಿ "ಇದು ಡಿಸ್‌ಕ್ಯಾಲ್ಕುಲಿಯಾ ಇರಬಹುದು" ಅಂದಳು, ಅದು ಲೆಕ್ಕ ಕಲಿಯುವುದಕ್ಕೇ ತೊಡಕಾಗುವ ನ್ಯೂನತೆಯಂತೆ. ಅವತ್ತಿನಿಂದ ನನಗೆ ಸಮಾಧಾನ ಇಲ್ಲ. ಇಂಗ್ಲಿಷ್ ಮೀಡಿಯಂಗೆ ಹಾಕಿದ್ದರೆ ಹೀಗಾಗುತ್ತಿರಲಿಲ್ಲವಾ? ಅವಳ ತಮ್ಮನಿಗೆ ನಾಲ್ಕು ವರ್ಷ. ಅವನಿಗಾದರೂ ಈಗಿನಿಂದ ಏನು ಹೇಳಿಕೊಡಬೇಕು?
ಓದುಗರೊಬ್ಬರು, ಕಾರವಾರ ತಾಲ್ಲೂಕು

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು "ಒಂಬತ್ತು ಇದೆಯಲ್ಲ" ಅನ್ನುವ ಮಾತು. ಅವಳು ಬಾಯಿಗೆ ಬಂದದ್ದು ಹೇಳುತ್ತಿಲ್ಲ. ಅವಳ ಹತ್ತಿರ ಒಂದು ನಿಯಮ ಇದೆ. ಯಾವುದರಲ್ಲಿ ದೊಡ್ಡ ಅಂಕೆ ಇದೆಯೋ ಅದೇ ದೊಡ್ಡ ಸಂಖ್ಯೆ. ನಿಯಮ ತಪ್ಪು, ಆದರೆ ಅದನ್ನು ಬಿಡದೆ ಪಾಲಿಸುತ್ತಿದ್ದಾಳೆ. ಚಿಕ್ಕ ಮಕ್ಕಳ ಗಣಿತದಲ್ಲೇ ವರ್ಷಗಳಿಂದ ಕೆಲಸ ಮಾಡುವ ನನಗೆ ಇಂಥ ಮಕ್ಕಳ ಬಗ್ಗೆ ಚಿಂತೆ ಕಮ್ಮಿ. ಇವತ್ತು 29, ನಾಳೆ 31 ಅಂತ ಸುಮ್ನೆ ಊಹಿಸುವ ಮಗುವಿಗೆ ಕಲಿಸುವುದು ಕಷ್ಟ. ಕಾರಣ ಕೊಡುವ ಮಗುವಿಗೆ ಆ ಕಾರಣ ಎಲ್ಲಿ ಕೈಕೊಡುತ್ತದೆ ಅಂತ ತೋರಿಸಿದರೆ ಆಯಿತು.

ನಿಮ್ಮ ಆತಂಕ ಇಷ್ಟು ಅಂದುಕೊಳ್ಳುತ್ತೇನೆ: ನೂರರವರೆಗೆ ಬರುವ ಮಗುವಿಗೆ ಇಷ್ಟು ಸಣ್ಣದು ಯಾಕೆ ತಿಳಿಯುತ್ತಿಲ್ಲ, ಇದು ದಡ್ಡತನವಾ, ಕಾಯಿಲೆಯಾ ಅಥವಾ ನಾವು ಎಲ್ಲೋ ತಪ್ಪಿದೆವಾ. ಮಗುವನ್ನು ನೋಡದೆ ಪೂರ್ತಿ ಹೇಳಲಾಗುವುದಿಲ್ಲ. ಆದರೆ ನೀವು ಬರೆದ ಒಂದೊಂದು ತಪ್ಪೂ ಏಳು ವರ್ಷದ ಮಕ್ಕಳಲ್ಲಿ ದಿನಾ ಕಾಣುವಂಥದ್ದೇ. ಒಂದೊಂದಕ್ಕೂ ಬೇರೆ ಬೇರೆ ಕಾರಣ ಇದೆ. ಎಲ್ಲವನ್ನೂ ಸೇರಿಸಿ "ಗಣಿತ ಬರುವುದಿಲ್ಲ" ಅಂದುಬಿಟ್ಟರೆ ಮಾತ್ರ ಅದು ಬೆಟ್ಟದಷ್ಟು ಕಾಣುತ್ತದೆ.

ಮೊದಲು ಒಂದು ವಿಷಯ. ಹೆಚ್ಚು ಕಮ್ಮಿಯ ಅಂದಾಜು ಮಕ್ಕಳಿಗೆ ನಾವು ಕೊಡುವುದಲ್ಲ, ಅದು ಮೊದಲೇ ಇರುತ್ತದೆ. ಆರು ತಿಂಗಳ ಕೂಸು ಕೂಡ 8 ಚುಕ್ಕೆಗೂ 16 ಚುಕ್ಕೆಗೂ ವ್ಯತ್ಯಾಸ ಗುರುತಿಸುತ್ತದೆ ಅಂತ ಫೇ ಶೂ ಮತ್ತು ಎಲಿಜಬೆತ್ ಸ್ಪೆಲ್ಕಿ ಎಂಬ ಮನೋವಿಜ್ಞಾನಿಗಳು 2000ನೇ ಇಸವಿಯಲ್ಲಿ ತೋರಿಸಿದರು. 8 ಮತ್ತು 12 ಇಟ್ಟರೆ ಆ ವಯಸ್ಸಿಗೆ ಗೊತ್ತಾಗುವುದಿಲ್ಲ. ನಿಮ್ಮ ಮಗಳ ಮುಂದೆ 29 ಹುಣಸೆ ಬೀಜ, 60 ಹುಣಸೆ ಬೀಜ ಎರಡು ರಾಶಿ ಹಾಕಿ ನೋಡಿ. ಎಣಿಸದೆ ಸರಿಯಾದ ಕಡೆ ಕೈ ತೋರಿಸುತ್ತಾಳೆ. ತೊಡಕು ಇರುವುದು ಆ ರಾಶಿಗೂ ಪಾಟಿಯ ಮೇಲಿನ ಎರಡು ಅಂಕೆಗೂ ನಡುವೆ.

ಒಂದರಿಂದ ನೂರು ಹೇಳುವುದಕ್ಕೆ ಈ ನಂಟು ಬೇಕಾಗಿಲ್ಲ. ಒಂದರ ಹಿಂದೆ ಒಂದು ಹೆಸರು ಬಾಯಿಗೆ ಬರುತ್ತದೆ ಅಷ್ಟೆ. ಬೇಕಾದರೆ "57 ಆದ ಮೇಲೆ ಯಾವುದು?" ಅಂತ ಕೇಳಿ. ತಕ್ಷಣ 58 ಅಂದರೆ ಒಳ್ಳೆಯದು. ತುಟಿ ಅಲ್ಲಾಡಿಸುತ್ತಾ 51ರಿಂದ ಹೊರಟರೆ ಅವಳ ಎಣಿಕೆ ಇನ್ನೂ ಬಾಯಿಪಾಠದ ಹಂತದಲ್ಲಿದೆ ಅಂತ ಅರ್ಥ. "57ಕ್ಕಿಂತ ಮೊದಲು?" ಅಂದರೆ ಇನ್ನೂ ಸ್ಪಷ್ಟವಾಗುತ್ತದೆ.

ಬರೆಯುವಾಗಲೂ ಅಷ್ಟೇ. 1ರಿಂದ 100 ಬರೆಯುವ ಮಕ್ಕಳನ್ನು ಪಕ್ಕದಲ್ಲಿ ಕೂತು ನೋಡಿ. ಎಷ್ಟೋ ಮಕ್ಕಳು ಮೊದಲು ಮೇಲಿನಿಂದ ಕೆಳಗೆ 3, 3, 3, 3 ಅಂತ ಒಂದು ಸಾಲು ಇಳಿಸುತ್ತಾರೆ. ಆಮೇಲೆ ಮತ್ತೆ ಮೇಲೆ ಹೋಗಿ ಪಕ್ಕದಲ್ಲಿ 0, 1, 2, 3 ಜೋಡಿಸುತ್ತಾರೆ. ಪುಟ ನೋಡಿದರೆ 30ರಿಂದ 39 ಚೆಂದವಾಗಿ ಬಂದಿದೆ. ಮಗು ಮಾತ್ರ ಮೂವತ್ತೊಂದು ಅನ್ನುವ ಸಂಖ್ಯೆಯನ್ನು ಒಂದು ಸಲವೂ ಯೋಚಿಸಿಲ್ಲ. ಹಾಗಾಗಿ ನಿಮ್ಮ ಮನೆಯವರ ಹತ್ತು ಸಲ ಬರೆಸುವ ಉಪಾಯಕ್ಕೆ ನಾನು ಒಪ್ಪುವುದಿಲ್ಲ. ಕೈಬರಹ ಚೆನ್ನಾಗಬಹುದು, ಗಣಿತ ಅಂದರೆ ಬೇಸರ ಅನ್ನುವುದೂ ಗಟ್ಟಿಯಾಗಬಹುದು. 29 ಮತ್ತು 31ರ ಪ್ರಶ್ನೆ ಅಲ್ಲೇ ಉಳಿಯುತ್ತದೆ.

ಈಗ ಒಂದೊಂದು ತಪ್ಪು ಬಿಡಿಸೋಣ. 29 ದೊಡ್ಡದು ಅನ್ನುವುದು ಮುಖಬೆಲೆ ನೋಡಿದ್ದರಿಂದ. ಎರಡು, ಒಂಬತ್ತು, ಮೂರು, ಒಂದು ಅಂತ ನಾಲ್ಕು ಬಿಡಿ ಅಂಕೆಗಳು ಅವಳಿಗೆ ಕಾಣುತ್ತಿವೆ. ಅವುಗಳಲ್ಲಿ ಒಂಬತ್ತು ದೊಡ್ಡದು ತಾನೇ? 1008 ಬರುವುದು ಕೇಳಿದ್ದನ್ನು ಕೇಳಿದ ಹಾಗೆ ಬರೆದದ್ದರಿಂದ. ನೂರು ಅಂದಾಗ 100, ಎಂಟು ಅಂದಾಗ 8. ಪಕ್ಕಪಕ್ಕ ಇಟ್ಟರೆ 1008. ಎಷ್ಟು ಪ್ರಾಮಾಣಿಕವಾದ ತಪ್ಪು, ನೋಡಿ. ಇನ್ನು 305, 350, 503, 53. ಇಲ್ಲಿ ಮೊದಲ ಅಂಕೆ ನೋಡಿ ಜೋಡಿಸಿದ್ದಾಳೆ: 3, 3, 5, 5. 305ನ್ನು 350ರ ಮುಂಚೆ ಇಟ್ಟಿದ್ದಾಳೆ, ಅದು ಸರಿ. ಶಬ್ದಕೋಶದಲ್ಲಿ ಪದ ಜೋಡಿಸುವ ಕ್ರಮ ಅದು. 53ರ 5 ಹತ್ತರ ಮನೆಯದ್ದು, 503ರ 5 ನೂರರ ಮನೆಯದ್ದು ಅನ್ನುವುದು ಮಾತ್ರ ತಪ್ಪಿಹೋಗಿದೆ.

ಮೂರಕ್ಕೂ ಬುಡದಲ್ಲಿ ಇರುವುದು ಸ್ಥಾನಬೆಲೆ, ಅಂದರೆ ಅಂಕೆ ಕೂತ ಮನೆಗೆ ತಕ್ಕಂತೆ ಅದಕ್ಕೆ ಬರುವ ಬೆಲೆ. "ಏಕ, ದಶಕ, ಶತಕ" ಅಂತ ಬಾಯಿಪಾಠ ಮಾಡಿಸಿದರೆ ಅದು ಬರುವುದಿಲ್ಲ. ಹತ್ತು ಬಿಡಿ ಸೇರಿ ಒಂದು ಹತ್ತರ ಕಂತೆ ಆಗುತ್ತದೆ ಅನ್ನುವುದು ಕೈಗೆ ತಾಗಬೇಕು.

ಭಾಷೆಯ ವಿಷಯ ಕೇಳಿದ್ದೀರಿ. ಕನ್ನಡದಲ್ಲಿ ಇಪ್ಪತ್ತೈದು ಅಂದಾಗ ಇಪ್ಪತ್ತು ಮೊದಲು, ಐದು ಆಮೇಲೆ. ಬರೆಯುವುದೂ ಹಾಗೇ. ಕೊಂಕಣಿಯ ಪಂಚವೀಸದಲ್ಲಿ ಐದು ಮೊದಲು ಬರುತ್ತದೆ. ಮನೆಯಲ್ಲಿ ಕೊಂಕಣಿಯಲ್ಲಿ ಎಣಿಸುವ ಮಕ್ಕಳು ಕೆಲವು ಸಲ 25ಕ್ಕೆ 52 ಬರೆಯುವುದು ಇದರಿಂದಲೇ. ಇಂಗ್ಲಿಷ್‌ಗೆ ಹೋದರೂ ಈ ತೊಂದರೆ ತಪ್ಪುವುದಿಲ್ಲ. ಫೋರ್ಟೀನ್ ಅಂದಾಗ ಮೊದಲು ಫೋರ್ ಕೇಳಿ 41 ಬರೆಯುವ ಮಕ್ಕಳು ಇಂಗ್ಲಿಷ್ ಮೀಡಿಯಂನಲ್ಲಿ ಬೇಕಾದಷ್ಟು ಇದ್ದಾರೆ. ಹದಿನಾಲ್ಕು ಅನ್ನುವುದರಲ್ಲಿ ಹತ್ತು ಮೊದಲೇ ಇದೆ, ಅಲ್ವಾ? ಹಾಗಾಗಿ ಈ ಕಾರಣಕ್ಕೆ ಶಾಲೆ ಬದಲಿಸಬೇಡಿ. ಕೊಂಕಣಿಯನ್ನು ಮನೆಯಲ್ಲಿ ನಿಲ್ಲಿಸಲೂ ಬೇಡಿ. ಅದರಲ್ಲಿ 29 ಅಂದರೆ ಎಕುಣತೀಸ, ಮೂವತ್ತಕ್ಕೆ ಒಂದು ಕಮ್ಮಿ. ಮೂವತ್ತಕ್ಕೇ ಕಮ್ಮಿ ಇರುವುದು ಮೂವತ್ತೊಂದಕ್ಕಿಂತ ಹೇಗೆ ದೊಡ್ಡದಾಗುತ್ತದೆ ಅಂತ ಅಜ್ಜಿಯೇ ಕೇಳಲಿ. ಆದರೆ ಒಂದು ಸಲ ಕೂತಾಗ ಒಂದೇ ಭಾಷೆಯಲ್ಲಿ ಎಣಿಸಿ. ಕನ್ನಡದಲ್ಲಿ ಎಪ್ಪತ್ತು ಮತ್ತು ಎಂಬತ್ತು, ಒಂಬತ್ತು ಮತ್ತು ತೊಂಬತ್ತು ಕಿವಿಗೆ ಹತ್ತಿರ ಹತ್ತಿರ ಕೇಳುತ್ತವೆ. ಅವಳು ತಪ್ಪು ಹೇಳಿದರೆ ಮೊದಲು ಸರಿಯಾಗಿ ಕೇಳಿಸಿತಾ ಅಂತ ನೋಡಿ.

ಮನೆಯಲ್ಲಿ ಶುರು ಮಾಡುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿ. ಅವಳಿಗೆ ಪರೀಕ್ಷೆ ಅನ್ನಿಸಬಾರದು. 24 ಮತ್ತು 59 ಇಂಥ ಜೋಡಿ ಕೊಡಬೇಡಿ. ಅದರಲ್ಲಿ ಹತ್ತು ನೋಡಿದರೂ ಬಿಡಿ ನೋಡಿದರೂ ಉತ್ತರ ಸರಿಯೇ ಬರುತ್ತದೆ, ನಿಮಗೆ ಏನೂ ತಿಳಿಯುವುದಿಲ್ಲ. 29 ಮತ್ತು 31, 68 ಮತ್ತು 63, 17 ಮತ್ತು 71, 99 ಮತ್ತು 101, 305 ಮತ್ತು 350 ಇಂಥವು ಕೊಡಿ. ನಡುವೆ 46 ಮತ್ತು 46 ಅಂತಲೂ ಒಂದು ಇರಲಿ. ಕೇಳಿದ ಮೇಲೆ ಒಂದು ದೊಡ್ಡದು ಇರಲೇಬೇಕು ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ಒಮ್ಮೆ ಯಾವುದು ದೊಡ್ಡದು ಅಂತ, ಇನ್ನೊಮ್ಮೆ ಯಾವುದು ಚಿಕ್ಕದು ಅಂತ ಕೇಳಿ. ಉತ್ತರ ಸರಿ ಇದ್ದರೂ ತಪ್ಪಿದ್ದರೂ "ಹೇಗೆ ಗೊತ್ತಾಯ್ತು?" ಅಂತ ಕೇಳಿ. ಎರಡರಲ್ಲಿ ಒಂದು ಆರಿಸುವುದಾದರೆ ಕಣ್ಣು ಮುಚ್ಚಿದರೂ ಅರ್ಧ ಸರಿ ಬರುತ್ತದೆ. ನಿಮಗೆ ಬೇಕಾದ ಮಾಹಿತಿ ಇರುವುದು ಅವಳು ಕೊಡುವ ಕಾರಣದಲ್ಲಿ. 68 ಮತ್ತು 63ರಲ್ಲಿ 68 ಅಂದರೆ ಹಿಗ್ಗಬೇಡಿ. ದೊಡ್ಡ ಅಂಕೆ ಹುಡುಕುವ ಹಳೆಯ ನಿಯಮಕ್ಕೂ ಅದೇ ಉತ್ತರ.

ಇನ್ನು ಕೆಲಸ. ಮನೆಯ ಹಿಡಿಕಡ್ಡಿ (ತೆಂಗಿನ ಗರಿಯ ಪೊರಕೆ ಕಡ್ಡಿ) ತೆಗೆದುಕೊಂಡು ಬೆರಳುದ್ದ ಮುರಿಯಿರಿ. ನೂರಕ್ಕಿಂತ ಸ್ವಲ್ಪ ಜಾಸ್ತಿ ಇರಲಿ. ಅವಳೇ ಹತ್ತು ಹತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕಿ ಕಂತೆ ಕಟ್ಟಲಿ. ನೀವು ಕಟ್ಟಿ ಕೊಡಬೇಡಿ. ತಾನು ಕಟ್ಟಿದ ಕಂತೆಯಲ್ಲಿ ಹತ್ತು ಇದೆ ಅಂತ ಅವಳಿಗೆ ಗೊತ್ತಿರುತ್ತದೆ. ನೀವು ಕಟ್ಟಿದ್ದು ಅವಳಿಗೆ ಒಂದು ವಸ್ತು ಅಷ್ಟೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಬ್ಲಾಕ್‌ಗಳಿಗಿಂತ ಹಿಡಿಕಡ್ಡಿಯನ್ನು ನಾನು ಇಷ್ಟಪಡುವುದು ಇದಕ್ಕೇ. ಕಟ್ಟಬಹುದು, ಬಿಚ್ಚಬಹುದು.

ಒಂದು ಕಡೆ 29 ಇಡಿಸಿ: ಎರಡು ಕಂತೆ, ಒಂಬತ್ತು ಬಿಡಿ ಕಡ್ಡಿ. ಇನ್ನೊಂದು ಕಡೆ 31: ಮೂರು ಕಂತೆ, ಒಂದು ಬಿಡಿ ಕಡ್ಡಿ. ಯಾವುದು ಜಾಸ್ತಿ ಅಂತ ಕೇಳಿ. ಮೊದಲ ದಿನ ಅವಳು 29ರ ಕಡೆಯೇ ಕೈ ತೋರಿಸಿದರೆ ಗಾಬರಿಯಾಗಬೇಡಿ. ಅಲ್ಲಿ ಕಣ್ಣಿಗೆ ಹನ್ನೊಂದು ತುಂಡು ಕಾಣುತ್ತವೆ, ಇಲ್ಲಿ ನಾಲ್ಕೇ. "ತಪ್ಪು" ಅನ್ನಬೇಡಿ. ಎರಡೂ ಕಡೆಯಿಂದ ಒಂದೊಂದು ಕಂತೆ ಎತ್ತಿ ಪಕ್ಕಕ್ಕೆ ಇಡಿಸಿ. ಇನ್ನೊಮ್ಮೆ ಹಾಗೇ. ಈಗ ಒಂದು ಕಡೆ ಒಂಬತ್ತು ಬಿಡಿ ಕಡ್ಡಿ, ಇನ್ನೊಂದು ಕಡೆ ಒಂದು ಕಂತೆ ಮತ್ತು ಒಂದು ಕಡ್ಡಿ ಉಳಿಯುತ್ತವೆ. ಆ ಕಂತೆಯನ್ನು ಅವಳೇ ಬಿಚ್ಚಲಿ. ಒಂಬತ್ತಕ್ಕೆ ಹನ್ನೊಂದು. ಈ ಹಂತದಲ್ಲಿ ಹೆಚ್ಚಿನ ಮಕ್ಕಳು ಏನೂ ಹೇಳದೆ ಒಂದು ನಿಮಿಷ ಕಡ್ಡಿಗಳನ್ನೇ ನೋಡುತ್ತಾ ಕೂರುತ್ತಾರೆ. ನೀವೂ ಸುಮ್ಮನಿರಿ. ವಿವರಿಸಲು ಹೋಗಬೇಡಿ.

ಇದನ್ನು ಕೆಲವು ದಿನ ಬೇರೆ ಬೇರೆ ಜೋಡಿಯಲ್ಲಿ ಮಾಡಿದ ಮೇಲೆ ಮುಂದಿನ ಹೆಜ್ಜೆ. ಎರಡೂ ಕಡೆಯ ಬಿಡಿ ಕಡ್ಡಿಗಳ ಮೇಲೆ ಒಂದೊಂದು ತಟ್ಟೆ ಮುಚ್ಚಿ. ಕಂತೆ ಮಾತ್ರ ಕಾಣಲಿ. ಇಲ್ಲಿ ನಾಲ್ಕು ಕಂತೆ, ಅಲ್ಲಿ ಐದು. "ತಟ್ಟೆ ಎತ್ತದೆ ಹೇಳಬಹುದಾ?" ಅಂತ ಕೇಳಿ. ಬಿಡಿ ಎಷ್ಟೇ ಇದ್ದರೂ ಒಂಬತ್ತು ದಾಟುವುದಿಲ್ಲ, ಹತ್ತಾದ ತಕ್ಷಣ ಕಂತೆಯಾಗಿ ಹೊರಗೆ ಬರಬೇಕು. ಹಾಗಾಗಿ ತಟ್ಟೆಯ ಕೆಳಗೆ ಏನಿದ್ದರೂ ಐದು ಕಂತೆಯ ಕಡೆಯೇ ಜಾಸ್ತಿ. ಆಮೇಲೆ ಎರಡೂ ಕಡೆ ನಾಲ್ಕು ನಾಲ್ಕು ಕಂತೆ ಇಟ್ಟು ಕೇಳಿ. "ಈಗ ತಟ್ಟೆ ಎತ್ತಿ ನೋಡಬೇಕು" ಅಂತ ಅವಳಾಗಿಯೇ ಅಂದರೆ ಅರ್ಧ ಗೆದ್ದ ಹಾಗೆ. ಎಡಗಡೆಯಿಂದ ಹೋಲಿಸುತ್ತಾ ಬಾ, ಸಮ ಇದ್ದರೆ ಮುಂದಿನ ಮನೆ ನೋಡು ಅನ್ನುವ ಪುಸ್ತಕದ ನಿಯಮ ಇದೇ.

ಆ ನಿಯಮವನ್ನು ನೇರವಾಗಿ ಹೇಳಿಕೊಟ್ಟರೆ ಆಗುವುದಿಲ್ಲವಾ? ಆಗುತ್ತದೆ. "ಜಾಸ್ತಿ ಅಂಕೆ ಇದ್ದರೆ ದೊಡ್ಡದು, ಅಂಕೆ ಸಮ ಇದ್ದರೆ ಎಡದಿಂದ ನೋಡು" ಅಂತ ಹೇಳಿದರೆ ವಾರದೊಳಗೆ ಎಲ್ಲ ಲೆಕ್ಕ ಸರಿ ಬರಬಹುದು. ಶಾಲೆಯ ಪರೀಕ್ಷೆ ಹತ್ತಿರ ಇದ್ದರೆ ಹಾಗೆ ಮಾಡಿದವರನ್ನು ನಾನು ಬೈಯುವುದಿಲ್ಲ. ಆದರೆ ಅದರ ಬಡ್ಡಿ ಮುಂದೆ ಕಟ್ಟಬೇಕಾಗುತ್ತದೆ. ದಶಮಾಂಶ ಬಂದಾಗ ಇದೇ ಮಗು 0.35 ಮತ್ತು 0.5 ನೋಡಿ, ಅಂಕೆ ಜಾಸ್ತಿ ಇದೆ ಅಂತ 0.35 ದೊಡ್ಡದು ಅನ್ನುತ್ತದೆ. ಕಾರಣ ತಿಳಿಯದೆ ಕಲಿತ ನಿಯಮ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಅಂತ ಮಗುವಿಗೆ ಗೊತ್ತಿರುವುದಿಲ್ಲ.

ಕಡ್ಡಿ ಬೇಸರವಾದರೆ ದುಡ್ಡು ಬಳಸಿ. ಒಂದು ರೂಪಾಯಿಯ ಒಂಬತ್ತು ನಾಣ್ಯ ಒಂದು ಕಡೆ, ಹತ್ತು ರೂಪಾಯಿಯ ಒಂದು ನೋಟು ಇನ್ನೊಂದು ಕಡೆ. ಯಾವುದು ಬೇಕು? ನಾಣ್ಯವೇ ಬೇಕು ಅನ್ನುವ ಮಗು ಇನ್ನೂ ತುಂಡು ಎಣಿಸುತ್ತಿದೆ ಅಂತ ತಿಳಿಯಿರಿ, ಮತ್ತೆ ಕಡ್ಡಿಗೆ ವಾಪಸ್ ಬನ್ನಿ. ದುಡ್ಡಿನಲ್ಲಿ ಒಂದು ಅಡಚಣೆ ಇದೆ. ನೋಟನ್ನು ಬಿಚ್ಚಿ ಒಳಗಿನ ಹತ್ತು ತೋರಿಸಲು ಆಗುವುದಿಲ್ಲ. ಅದಕ್ಕೇ ಕಡ್ಡಿ ಮೊದಲು, ದುಡ್ಡು ಆಮೇಲೆ.

1008ಕ್ಕೆ ಮದ್ದು ಬೇರೆ. ಹಳೆಯ ಲಗ್ನಪತ್ರಿಕೆ ಕತ್ತರಿಸಿ ಚೀಟಿ ಮಾಡಿ. ಮೂರು ಮನೆ ಅಗಲದ ಚೀಟಿಗಳಲ್ಲಿ 100, 200, 300 ಹೀಗೆ 900ರವರೆಗೆ. ಎರಡು ಮನೆ ಅಗಲದವುಗಳಲ್ಲಿ 10ರಿಂದ 90. ಒಂದು ಮನೆಯವುಗಳಲ್ಲಿ 1ರಿಂದ 9. ನೂರಾ ಎಂಟು ಅಂದಾಗ 100ರ ಚೀಟಿ ಇಟ್ಟು, ಅದರ ಬಲತುದಿಯ ಸೊನ್ನೆಯ ಮೇಲೆ 8ರ ಚೀಟಿ ಕೂರಿಸಬೇಕು. 108 ಕಾಣುತ್ತದೆ. ಎಂಟನ್ನು ಎತ್ತಿದರೆ ಕೆಳಗೆ ನೂರು ಹಾಗೇ ಇದೆ. 300ರ ಮೇಲೆ 5 ಇಟ್ಟರೆ 305, 50 ಇಟ್ಟರೆ 350. ಎರಡರಲ್ಲೂ ಇರುವುದು ಅದೇ ಮೂರು ಅಂಕೆ, ಆದರೂ ಯಾಕೆ ಬೇರೆ ಅನ್ನುವುದನ್ನು ನಾನು ಇಷ್ಟು ಬೇಗ ಬೇರೆ ಯಾವುದರಲ್ಲೂ ತೋರಿಸಲಾರೆ.

ಏರಿಕೆ ಇಳಿಕೆ ಕ್ರಮಕ್ಕೆ ಬರೋಣ. ನಾಲ್ಕು ಸಂಖ್ಯೆಗಳನ್ನು ಒಟ್ಟಿಗೆ ಜೋಡಿಸುವುದು ಎರಡನ್ನು ಹೋಲಿಸುವುದಕ್ಕಿಂತ ತುಂಬಾ ಕಷ್ಟದ ಕೆಲಸ. ಪುಸ್ತಕದಲ್ಲಿ ಬರೆಸಬೇಡಿ. ನಾಲ್ಕು ಚೀಟಿ ನೆಲದ ಮೇಲೆ ಹರಡಿ, ಎಲ್ಲಕ್ಕಿಂತ ಚಿಕ್ಕದು ಮಾತ್ರ ಆರಿಸು ಅನ್ನಿ. ಅದನ್ನು ಪಕ್ಕಕ್ಕೆ ಇಟ್ಟು, ಉಳಿದವುಗಳಲ್ಲಿ ಮತ್ತೆ ಚಿಕ್ಕದು. ಸಾಲು ಮುಗಿದ ಮೇಲೆ ಹೊಸ ಚೀಟಿ ಕೊಡಿ, 340 ಅಂತ. ಇದು ಎಲ್ಲಿ ಕೂರಬೇಕು? ಈ ನಡುವೆ ತೂರಿಸುವ ಆಟದಲ್ಲಿ ಹೋಲಿಕೆ ತಾನಾಗಿ ಮತ್ತೆ ಮತ್ತೆ ನಡೆಯುತ್ತದೆ. ಸಾಲು ಪೂರ್ತಿ ತಲೆಕೆಳಗಾಗಿ, ಅಂದರೆ ದೊಡ್ಡದರಿಂದ ಚಿಕ್ಕದಕ್ಕೆ ಬಂದಿದ್ದರೆ ಅದು ಗಣಿತದ ತಪ್ಪಲ್ಲ, ಏರಿಕೆ ಇಳಿಕೆ ಅನ್ನುವ ಮಾತು ಅದಲುಬದಲಾಗಿದೆ ಅಷ್ಟೆ. ಪೂರ್ತಿ ಅಂಕ ಕಳೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅಂಕೋಲಾದಿಂದ ಯಲ್ಲಾಪುರಕ್ಕೆ ಬಸ್ಸಿನಲ್ಲಿ ಹೋಗುವಾಗ ಕಿಟಕಿ ಪಕ್ಕ ಕೂರಿಸಿ ಯಲ್ಲಾಪುರದ ಕಿಲೋಮೀಟರ್ ಕಲ್ಲು ಓದಿಸಿ. ಸಂಖ್ಯೆ ಇಳಿಯುತ್ತಾ ಹೋಗುತ್ತದೆ, ಬಸ್ಸು ಮಾತ್ರ ಅರಬೈಲ್ ಘಟ್ಟ ಏರುತ್ತಿರುತ್ತದೆ. ಮಕ್ಕಳಿಗೆ ಇದು ದೊಡ್ಡ ತಮಾಷೆ. ಮುಂದಿನ ಕಲ್ಲಿನಲ್ಲಿ ಎಷ್ಟು ಇರುತ್ತದೆ ಅಂತ ಮೊದಲೇ ಹೇಳಿಸಿ. 30 ದಾಟಿ 29 ಬರುವಾಗ ಗಮನ ಇಡಿ, ತಡವರಿಸುವುದು ಅಲ್ಲೇ. ನಮ್ಮ ಜಿಲ್ಲೆಯ ಸುತ್ತಮುತ್ತಲಿನ ಜಲಪಾತಗಳನ್ನೂ ಜೋಡಿಸಬಹುದು. ಸಾತೊಡ್ಡಿ 15 ಮೀಟರ್, ಉಂಚಳ್ಳಿ 116, ಜೋಗ 253. ಆ ಸಾಲಿಗೆ ಮುರುಡೇಶ್ವರದ ಶಿವನ 123ನ್ನು ಸೇರಿಸಬೇಡಿ, ಅದು ಅಡಿ. 123 ಅಡಿಯ ಮೂರ್ತಿ 116 ಮೀಟರಿನ ಜಲಪಾತಕ್ಕಿಂತ ಎತ್ತರ ಅಂತ ಆಗಿಬಿಡುತ್ತದೆ. ಸ್ವಲ್ಪ ದೊಡ್ಡ ಮಕ್ಕಳಾದರೆ ಬೇಕಂತಲೇ ಸೇರಿಸಿ ನೋಡಬಹುದು.

ಇನ್ನೊಂದು ಒಳ್ಳೆಯ ಸಾಧನ ಬಟ್ಟೆ ಒಣಹಾಕುವ ಹಗ್ಗ. ಒಂದು ತುದಿಗೆ 0, ಇನ್ನೊಂದು ತುದಿಗೆ 100 ಬರೆದ ಚೀಟಿಯನ್ನು ಕ್ಲಿಪ್‌ನಲ್ಲಿ ಸಿಕ್ಕಿಸಿ. 10 ಎಲ್ಲಿ ಬರುತ್ತದೆ ಅಂತ ಕೇಳಿ. ಚಿಕ್ಕ ಮಕ್ಕಳು ಹತ್ತನ್ನು ತುಂಬಾ ಬಲಕ್ಕೆ, ಕೆಲವರು ನಡುಹಗ್ಗದ ಹತ್ತಿರವೇ ಸಿಕ್ಕಿಸುತ್ತಾರೆ. ಅವರಿಗೆ ಪರಿಚಯದ ಸಣ್ಣ ಸಂಖ್ಯೆಗಳು ಜಾಸ್ತಿ ಜಾಗ ಹಿಡಿಯುತ್ತವೆ, 60, 70, 80 ಎಲ್ಲ ಕೊನೆಯಲ್ಲಿ ಒತ್ತೊತ್ತಾಗಿ ಬೀಳುತ್ತವೆ. ರಾಬರ್ಟ್ ಸೀಗ್ಲರ್ ಎಂಬ ಮನೋವಿಜ್ಞಾನಿ ಇದರ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ನೀವು ಮೊದಲು 50ನ್ನು ಅಳೆದು ನಡುವೆ ಹಾಕಿಸಿ. ಆಮೇಲೆ 25, 75. ಆಮೇಲೆ 29 ಮತ್ತು 31. ಎರಡೂ ಎಷ್ಟು ಹತ್ತಿರ ಬರುತ್ತವೆ ಅಂತ ಅವಳೇ ನೋಡಲಿ. ಹತ್ತಿರದ ಸಂಖ್ಯೆಗಳನ್ನು ಹೋಲಿಸುವುದು ನಮಗೂ ನಿಧಾನ. 2 ಮತ್ತು 9ಕ್ಕಿಂತ 8 ಮತ್ತು 9ರಲ್ಲಿ ದೊಡ್ಡವರೂ ತುಸು ಹೊತ್ತು ತೆಗೆದುಕೊಳ್ಳುತ್ತಾರೆ ಅಂತ 1967ರಲ್ಲೇ ಅಳೆದು ತೋರಿಸಿದ್ದಾರೆ. ಅವಳು ಯೋಚಿಸುತ್ತಾ ನಿಂತರೆ ಅವಸರ ಮಾಡಬೇಡಿ.

ಮೊಸಳೆ ಬಾಯಿ. ಕಾಳಿ ನದಿಯ ಜಿಲ್ಲೆಯ ಮಕ್ಕಳಿಗೆ ಮೊಸಳೆ ಅಂದರೆ ಖುಷಿ, ಟೀಚರಿಗೂ ಸುಲಭ. ದೊಡ್ಡದನ್ನು ತಿನ್ನುತ್ತದೆ ಅಂತ ಹೇಳಿದರೆ ಗುರುತು ಹಾಕಲು ಬರುತ್ತದೆ. ಆದರೆ ಓದಲು ಬರುವುದಿಲ್ಲ. 29 < 31 ತೋರಿಸಿ ಏನು ಬರೆದಿದೆ ಅಂದರೆ "ಮೊಸಳೆ 31 ತಿನ್ನುತ್ತದೆ" ಅನ್ನುತ್ತಾರೆ. 29, 31ಕ್ಕಿಂತ ಚಿಕ್ಕದು ಅನ್ನುವ ವಾಕ್ಯ ಹುಟ್ಟುವುದೇ ಇಲ್ಲ. ಜೊತೆಗೆ ಹಸಿದ ಮೊಸಳೆ ಯಾಕೆ ಚಿಕ್ಕದನ್ನು ತಿನ್ನಬಾರದು ಅಂತ ಕೇಳುವ ಮಕ್ಕಳೂ ಇದ್ದಾರೆ. ಈ ಚಿಹ್ನೆಗಳು ಅಚ್ಚಿನಲ್ಲಿ ಬಂದದ್ದು 1631ರಲ್ಲಿ, ಥಾಮಸ್ ಹ್ಯಾರಿಯಟ್ ಎಂಬ ಇಂಗ್ಲಿಷ್ ಗಣಿತಜ್ಞರ ಪುಸ್ತಕದಲ್ಲಿ, ಅದೂ ಅವರು ತೀರಿಕೊಂಡ ಮೇಲೆ. ಅಲ್ಲಿಯವರೆಗೂ ಜನ ಮಾತಿನಲ್ಲಿ ಬರೆದುಕೊಂಡು ಹೋಲಿಸುತ್ತಲೇ ಇದ್ದರು. ನಿಮ್ಮ ಮಗಳೂ ಒಂದೆರಡು ತಿಂಗಳು ಹಾಗೇ ಮಾಡಲಿ. ನಡುವೆ "ಕ್ಕಿಂತ ಚಿಕ್ಕದು", "ಕ್ಕಿಂತ ದೊಡ್ಡದು", "ಸಮ" ಅನ್ನುವ ಚೀಟಿ ಇಟ್ಟು ಬಾಯಿಬಿಟ್ಟು ಓದಲಿ. ಆಮೇಲೆ ಎರಡು ಕಡ್ಡಿ ತೆಗೆದುಕೊಳ್ಳಿ. ಸಮ ಇದ್ದರೆ ಎರಡು ಕಡ್ಡಿಯ ನಡುವಿನ ಅಂತರ ಎರಡೂ ತುದಿಯಲ್ಲಿ ಒಂದೇ. ಒಂದು ಕಡೆ ದೊಡ್ಡದಾದರೆ ಆ ಕಡೆಯ ತುದಿ ಅಗಲವಾಗುತ್ತದೆ, ಚಿಕ್ಕದರ ಕಡೆ ಕೂಡಿಕೊಳ್ಳುತ್ತದೆ. ಶಾಲೆಯಲ್ಲಿ ಮೊಸಳೆಯೇ ಹೇಳಿಕೊಟ್ಟಿದ್ದರೆ ಜಗಳ ಬೇಡ, ಓದಿಸುವುದನ್ನು ಮಾತ್ರ ನೀವು ಸೇರಿಸಿ.

ಬೆರಳಿನ ಬಗ್ಗೆ ಅತ್ತೆಯವರಿಗೆ ನಿಧಾನವಾಗಿ ಹೇಳಿ, ಏಳು ವರ್ಷಕ್ಕೆ ಬೆರಳು ಎಣಿಸುವುದು ತಪ್ಪಲ್ಲ. ಬೇಡ ಅಂದರೆ ಮಕ್ಕಳು ಮೇಜಿನ ಕೆಳಗೆ ಎಣಿಸುತ್ತಾರೆ, ನಮಗೆ ಕಾಣುವುದಿಲ್ಲ ಅಷ್ಟೆ. ಬೇಡವಾದಾಗ ಅದು ತಾನಾಗಿ ಬಿಟ್ಟುಹೋಗುತ್ತದೆ.

ಅಬ್ಯಾಕಸ್ ಕ್ಲಾಸಿನಲ್ಲಿ ಮುಖ್ಯವಾಗಿ ಕಲಿಸುವುದು ಮಣಿಯ ಮೇಲೆ ವೇಗವಾಗಿ ಕೂಡುವುದು, ಕಳೆಯುವುದು. ಇಷ್ಟಪಟ್ಟು ಕಲಿಯುವ ಮಕ್ಕಳಿಗೆ ಅದರಿಂದ ನಷ್ಟವಿಲ್ಲ. ಆದರೆ ಈಗ ಅವಳಿಗೆ ವೇಗ ಬೇಕಾಗಿಲ್ಲ. ಅರ್ಥ ಕೂರದ ಮಗುವಿಗೆ ಗಡಿಯಾರ ಹಿಡಿದು ಲೆಕ್ಕ ಮಾಡಿಸಿದರೆ ಹೆದರಿಕೆ ಜಾಸ್ತಿಯಾಗುವ ಸಾಧ್ಯತೆಯೇ ಹೆಚ್ಚು, ಫೀಸು ಬೇರೆ. ಶಾಲೆಯಲ್ಲಿ ಇರುವ, ಬಿಡಿ-ಹತ್ತು-ನೂರರ ಕಂಬಿಗೆ ಮಣಿ ಹಾಕುವ ಚೌಕಟ್ಟು ಬೇರೆಯದು. ಅದು ಕಡ್ಡಿಯ ನಂತರದ ಹೆಜ್ಜೆಗೆ ಚೆನ್ನಾಗಿ ಒದಗುತ್ತದೆ.

ಈಗ ನಿಮ್ಮ ನಿದ್ದೆ ಕೆಡಿಸಿದ ವಿಷಯ. ಡಿಸ್‌ಕ್ಯಾಲ್ಕುಲಿಯಾ ಇರುವುದು ನಿಜ. ನೂರು ಮಕ್ಕಳಲ್ಲಿ ಮೂರರಿಂದ ಏಳು ಮಂದಿಗೆ ಇರಬಹುದು ಅನ್ನುವುದು ಸಾಮಾನ್ಯವಾಗಿ ಕೊಡುವ ಅಂದಾಜು. ಆದರೆ 29 ಮತ್ತು 31ರ ತಪ್ಪು ಒಂದನ್ನೇ ನೋಡಿ ಅದು ಇದೆ ಅನ್ನಲಾಗುವುದಿಲ್ಲ. ನಾನು ನೋಡುವುದು ಬೇರೆಯದನ್ನು. ಮೂರು ಬೀಜ ಇಟ್ಟರೆ ಎಣಿಸದೆ ಮೂರು ಅನ್ನಲು ಬರುತ್ತದಾ? 5 ಮತ್ತು 8ರಲ್ಲಿ ದೊಡ್ಡದು ಯಾವುದು ಅಂದರೆ ತಡವರಿಸುತ್ತಾಳಾ? ವಸ್ತು ಎಣಿಸುವಾಗ ಒಂದನ್ನೇ ಎರಡು ಸಲ ಮುಟ್ಟುತ್ತಾಳಾ? ನಿನ್ನೆ ಚೆನ್ನಾಗಿ ಬಂದದ್ದು ಇವತ್ತು ಪೂರ್ತಿ ಅಳಿಸಿಹೋಗಿರುತ್ತದಾ, ಅದೂ ತಿಂಗಳುಗಟ್ಟಲೆ? ಇವೆಲ್ಲ ಇದ್ದರೆ, ಕಡ್ಡಿ ಕಂತೆಯಲ್ಲಿ ನಾಲ್ಕೈದು ತಿಂಗಳು ಸಮಾಧಾನದಿಂದ ಕಲಿಸಿದರೂ ಅಲ್ಲಾಡದಿದ್ದರೆ, ಆಗ ತೋರಿಸಿ. ಮೊದಲು ಕಣ್ಣು, ಕಿವಿ ಪರೀಕ್ಷೆ ಆಗಲಿ. ಆಮೇಲೆ ಶಾಲೆಯ ಮೂಲಕ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ತಾಲ್ಲೂಕಿನ ಸಂಪನ್ಮೂಲ ಶಿಕ್ಷಕರನ್ನು ಕೇಳಿ. ಮನೋವಿಜ್ಞಾನಿಯ ಪರೀಕ್ಷೆ ಬೇಕು ಅನ್ನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ವರೆಗೂ ಹೋಗಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ, ಹಾಗಾಗಿ ಗೊತ್ತಾದರೆ ನೆರವಿಗೂ ದಾರಿ ಇದೆ. ತೀರಾ ಬೇಗ ಹೋದರೆ ಮಗುವಿಗೆ ಬೇಡದ ಹೆಸರು ಅಂಟಿಕೊಳ್ಳುತ್ತದೆ. ಲಕ್ಷಣ ಕಂಡರೂ ವರ್ಷಗಟ್ಟಲೆ ಕಾದರೆ ಮಗು ತನ್ನನ್ನು ತಾನೇ ದಡ್ಡಿ ಅಂದುಕೊಳ್ಳುತ್ತದೆ. ನಿಮ್ಮ ಪತ್ರದಲ್ಲಿ ಇರುವುದನ್ನು ಓದಿದರೆ ನಾನು ಈಗ ಓಡುವ ಅಗತ್ಯ ಕಾಣುವುದಿಲ್ಲ.

ಶಾಲೆಯ ಬಗ್ಗೆ ಒಂದು ಮಾತು. 2021ರಲ್ಲಿ ಶುರುವಾದ ನಿಪುಣ ಭಾರತ ಯೋಜನೆಯ ಗುರಿಯ ಪ್ರಕಾರ 99ರವರೆಗಿನ ಸಂಖ್ಯೆ ಓದಿ ಬರೆಯುವುದು ಒಂದನೇ ತರಗತಿಗೆ, 999ರವರೆಗಿನದು ಎರಡನೇ ತರಗತಿ ಮುಗಿಯುವಾಗ. ಅಂದರೆ 305, 350 ಈಗ ಕಲಿಯುತ್ತಿರುವ ವಿಷಯವೇ, ಬಿಟ್ಟುಹೋದದ್ದಲ್ಲ. ಎರಡಂಕಿಯಲ್ಲಿ ಗಟ್ಟಿಯಾಗದೆ ಮೂರಂಕಿಗೆ ಹೋಗುವುದು ಬೇಡ ಅಂತ ಟೀಚರ್ ಹತ್ತಿರ ಮಾತಾಡಿ. ನಿಮ್ಮ ಶಾಲೆಯಲ್ಲಿ ನಲಿಕಲಿ, ಅಂದರೆ ಚಟುವಟಿಕೆಯಿಂದ ಕಲಿಸುವ ಪದ್ಧತಿ ಇದ್ದರೆ, ಅದರಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುವುದು. ಮಗು ತನ್ನ ಮೆಟ್ಟಿಲಲ್ಲಿ ತನ್ನ ಗತಿಯಲ್ಲಿ ಹೋಗಲು ಅಲ್ಲಿ ಜಾಗ ಇದೆ. ಮನೆಯಲ್ಲಿ ದಿನಕ್ಕೆ ಕಾಲು ಗಂಟೆ ಸಾಕು. ಅವಳು ಅತ್ತ ದಿನ ನಿಲ್ಲಿಸಿಬಿಡಿ.

ಕೊನೆಗೆ ತಮ್ಮ. ನಾಲ್ಕು ವರ್ಷದವನಿಗೆ ಪಾಟಿ, ಪೆನ್ಸಿಲು ಬೇಡ. ಊಟಕ್ಕೆ ಕೂರುವವರು ಎಷ್ಟೋ ಅಷ್ಟು ತಟ್ಟೆ ತರಲಿ. ಬಳಚು ಸಾರು ಮಾಡಿದ ದಿನ ಖಾಲಿ ಚಿಪ್ಪುಗಳನ್ನು ತೊಳೆದು ಕೊಡಿ, ಅಕ್ಕನದ್ದು ಜಾಸ್ತಿಯಾ ತನ್ನದು ಜಾಸ್ತಿಯಾ ಅಂತ ಒಂದಕ್ಕೊಂದು ಎದುರು ಇಟ್ಟು ನೋಡಲಿ. ಐದು ಚಿಪ್ಪುಗಳನ್ನು ದೂರ ದೂರ ಹರಡಿದರೆ "ಜಾಸ್ತಿ ಆಯ್ತು" ಅನ್ನುತ್ತಾನೆ. ಮಕ್ಕಳ ಯೋಚನೆಯನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಪಿಯಾಜೆ ಬಹಳ ಹಿಂದೆಯೇ ಇದನ್ನು ಗಮನಿಸಿದ್ದರು. ತಿದ್ದಬೇಡಿ, ವಯಸ್ಸಿನ ಜೊತೆ ಸರಿಹೋಗುತ್ತದೆ. ಹಾವು ಏಣಿಯ ನೂರು ಮನೆ ಅವನಿಗೆ ಜಾಸ್ತಿಯಾಯಿತು, ಸಾಲು ಬೇರೆ ಅತ್ತಿತ್ತ ತಿರುಗುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಹತ್ತು ಮನೆಯ ನೇರ ಸಾಲು ಎಳೆದು 1ರಿಂದ 10 ಬರೆಯಿರಿ. ಸೀಗ್ಲರ್ ಮತ್ತು ಗೀತಾ ರಮಣಿ 2008ರಲ್ಲಿ ಇಂಥ ಆಟವನ್ನೇ ಬಡಮನೆಗಳ ಪುಟ್ಟ ಮಕ್ಕಳಿಗೆ ಆಡಿಸಿ ನೋಡಿದರು. ಅಂಕೆ ಬರೆದ ಸಾಲಿನಲ್ಲಿ ಆಡಿದವರು ಹೋಲಿಕೆಯಲ್ಲಿ ಮುಂದೆ ಬಂದರು, ಬರೀ ಬಣ್ಣದ ಮನೆಗಳಲ್ಲಿ ಆಡಿದವರು ಬರಲಿಲ್ಲ. ದಾಳದ ಬದಲು 1 ಮತ್ತು 2 ಬರೆದ ಚೀಟಿ ಸಾಕು. 4ರಲ್ಲಿ ಇದ್ದು 2 ಬಿದ್ದರೆ "ಒಂದು, ಎರಡು" ಅಂತ ಹೆಜ್ಜೆ ಎಣಿಸುವುದಲ್ಲ, "ಐದು, ಆರು" ಅಂತ ಮನೆಯ ಹೆಸರು ಹೇಳುತ್ತಾ ಹೋಗಬೇಕು. ಅಕ್ಕನೂ ಇದೇ ಕ್ರಮದಲ್ಲಿ ಹಾವು ಏಣಿ ಆಡಲಿ. 28ರಲ್ಲಿ ಇದ್ದು 3 ಬಿದ್ದರೆ ಅವಳು 29, 30, 31 ಅನ್ನಬೇಕು.